ಹದ್ದಮ್ಮ ಕಂಡ ಕೆಂಪು ಕಡ್ಡಿಗಳು

ನನ್ನ ನಾದಿನಿಯ ಕಣ್ಣು ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಸಲವೂ ತಪ್ಪಿಲ್ಲ. ಈ ಮಾತನ್ನು ನಾನು ಯಾರ ಮುಂದೆ ಬೇಕಾದರೂ ನಿಂತು ಹೇಳಬಲ್ಲೆ. ಬಸ್ ಕಂಡಕ್ಟರಾಗಿ ಮೂವತ್ತಾರು ವರ್ಷ ನಿಂತೇ ಸವೆದವನಿಗೆ ನಿಲ್ಲುವುದೇನೂ ಹೊಸದಲ್ಲ. ಅವಳ ಸೂಕ್ಷ್ಮದರ್ಶಕದ ಕೆಳಗೆ ಹೋದ ಕ್ಷಯದ ಕ್ರಿಮಿ ತಲೆಮರೆಸಿಕೊಂಡ ಉದಾಹರಣೆ ಇಲ್ಲ. ಕ್ರಿಮಿಗಳ ಮನೆಯಲ್ಲಿ ಮಕ್ಕಳು ಹಟ ಹಿಡಿದರೆ ತಾಯಂದಿರು “ಹದ್ದಮ್ಮ ಬರ್ತಾಳೆ ನೋಡು” ಎಂದು ಹೆದರಿಸಿ ಮಲಗಿಸುತ್ತಾರೆ ಅಂತ ನನ್ನ ಬಸ್ಸಿನಲ್ಲಿ ಸಾವಿರಾರು ಜನಕ್ಕೆ ಹೇಳಿದ್ದೇನೆ. ಯಾರೂ ಅಲ್ಲಗಳೆಯಲಿಲ್ಲ. ಅಲ್ಲಗಳೆದವರನ್ನು ಮುಂದಿನ ಸ್ಟಾಪಿನಲ್ಲಿ ಇಳಿಸಿಬಿಡುತ್ತಿದ್ದೆ.

ಹದ್ದಮ್ಮ ಅಂದರೆ ನನ್ನ ಹೆಂಡತಿಯ ತಂಗಿ. ಹದ್ದಿನ ಕಣ್ಣಿನವಳು ಅಂತ ಆಸ್ಪತ್ರೆಯವರು ಇಟ್ಟ ಹೆಸರು. ಎದೆರೋಗದ ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಹೆಣ ಇಡುವ ಕೋಣೆಗೂ ನಡುವೆ ಸಿಕ್ಕಿಕೊಂಡಿರುವ ಲ್ಯಾಬಿನಲ್ಲಿ ಅವಳ ಕೆಲಸ. “ನನ್ನ ಬಾಗಿಲಿಗೆ ಬಂದವರಿಗೆ ಎರಡೇ ದಾರಿ ಭಾವ. ಒಗೆಸಿಕೊಂಡು ಮನೆಗೆ, ಇಲ್ಲಾ ಪಕ್ಕದ ಕೋಣೆಗೆ” ಅನ್ನುತ್ತಿದ್ದಳು.

ಬೆಳಿಗ್ಗೆ ರೋಗಿಗಳು ಮುಚ್ಚಳದ ಡಬ್ಬಿಯಲ್ಲಿ ಕಫ ಹಿಡಿದುಕೊಂಡು ಸಾಲು ನಿಲ್ಲುತ್ತಿದ್ದರು. ಡಬ್ಬಿ ತೆಳ್ಳಗೆ ಕಂಡರೆ ವಾಪಸ್ಸು. “ಉಗುಳು ಬೇಡ ಕಣಪ್ಪ, ಅದು ನನ್ನ ಬಾಯಲ್ಲೂ ಇದೆ. ಎದೆಯಿಂದ ಬರಲಿ.” ಆಮೇಲೆ ಆ ಕಫವನ್ನು ಸ್ಲೈಡು ಅನ್ನುವ ಗಾಜಿನ ಪಟ್ಟಿಯ ಮೇಲೆ ಸವರಿ, ಕೆಂಪು ಬಣ್ಣ ಸುರಿದು, ಆವಿ ಏಳುವವರೆಗೆ ಕಾಯಿಸಿ, ಆಮ್ಲದಲ್ಲಿ ತೊಳೆದು, ಕೊನೆಗೆ ನೀಲಿ ಹಾಕುತ್ತಿದ್ದಳು. ಆಮ್ಲ ಬಿದ್ದರೆ ಎಲ್ಲವೂ ಕೆಂಪು ಬಿಟ್ಟು ನೀಲಿಗೆ ಶರಣಾಗುತ್ತವೆ. ಕ್ಷಯದ ಕ್ರಿಮಿ ಮಾತ್ರ ಬಿಡುವುದಿಲ್ಲ. ಒಮ್ಮೆ ಹಿಡಿದದ್ದನ್ನು ಬಿಡದ ಹಟಮಾರಿ. ನೀಲಿ ಬಯಲಲ್ಲಿ ಕೆಂಪು ಕಡ್ಡಿಗಳಂತೆ ಬಿದ್ದಿರುತ್ತದೆ. ಆ ಕಡ್ಡಿ ಎಣಿಸಿ ಒಂದು ಪ್ಲಸ್, ಎರಡು ಪ್ಲಸ್, ಮೂರು ಪ್ಲಸ್ ಅಂತ ಬರೆಯುವುದೇ ಅವಳ ಜೀವನ. ಅವಳ ಬೆರಳ ತುದಿಯ ಕೆಂಪು ನಾನು ನೋಡಿದ ಮಟ್ಟಿಗೆ ಒಂದು ದಿನವೂ ಹೋಗಿದ್ದಿಲ್ಲ.

ಒಮ್ಮೆ ಬಸ್ಸಿನಲ್ಲಿ ಗಟ್ಟಿಮುಟ್ಟಾದ ಮನುಷ್ಯನೊಬ್ಬ ಇವಳಿಗೆ ಸೀಟು ಬಿಟ್ಟುಕೊಟ್ಟು, “ಗುರುತು ಸಿಕ್ಕಿತಾ ಅಮ್ಮ?” ಅಂದ. ಇವಳು ಅವನ ಮುಖವನ್ನು ಮೇಲಿಂದ ಕೆಳಗೆ ನೋಡಿದಳು.

“ಇಲ್ವಲ್ಲಪ್ಪ. ಎಷ್ಟು ಪ್ಲಸ್ ಇತ್ತು ನಿಂದು?”

“ಮೂರು, ಅಮ್ಮ. ನಾಲ್ಕು ವರ್ಷದ ಹಿಂದೆ.”

“ಓ, ನೀನಾ. ಮೊದಲೇ ಹೇಳಬಾರದಾ? ಹೇಗಿದೀಯ?”

ನನಗೆ ಮದುವೆಯಾದಾಗ ನನ್ನಾಕೆಯ ಹಿಂದೆಯೇ ನನ್ನ ಮನೆಗೆ ಬಂದದ್ದು ಎರಡು: ಒಂದು ಹೊಲಿಗೆ ಮಿಶನ್ನು, ಒಂದು ಎಂಟು ವರ್ಷದ ತಂಗಿ. ಎರಡೂ ಸದ್ದು ಮಾಡುತ್ತಿದ್ದವು. ಅಪ್ಪ ಅಮ್ಮ ಇಲ್ಲದ ಆ ಮಗುವನ್ನು ಶಾಲೆಯ ಸಮವಸ್ತ್ರ ಹೊಲಿದು ಹೊಲಿದೇ ನನ್ನಾಕೆ ಓದಿಸಿದಳು, ಲ್ಯಾಬಿನ ಕೋರ್ಸಿಗೆ ಸೇರಿಸಿದಳು. ಆ ಮಿಶನ್ನಿನ ಸದ್ದನ್ನು ಏನೆಂದು ಹೇಳಲಿ. ಅದು ಶುರುವಾದರೆ ಮೂರನೇ ಬೀದಿಯ ಪಾರಿವಾಳಗಳು ಗಂಟುಮೂಟೆ ಕಟ್ಟುತ್ತಿದ್ದವು. ಆಕಾಶ ಗುಡುಗಿದರೆ ನೆರೆಯವರು “ಇವತ್ತು ಯಾವ ಶಾಲೆಯ ಚಡ್ಡಿಯೋ” ಅನ್ನುತ್ತಿದ್ದರು. ಗಂಡ ಹೆಂಡತಿ ಜಗಳವಾಡಲು ನಮಗೆ ಅನುಕೂಲವೇ ಇರಲಿಲ್ಲ. ನಾನು ಬೈದದ್ದು ಅವಳಿಗೆ ಕೇಳಿಸುತ್ತಿರಲಿಲ್ಲ, ಅವಳು ಬೈದದ್ದು ನನಗೆ. ಹೀಗೆ ಮೂವತ್ತೊಂಬತ್ತು ವರ್ಷ ಅನ್ಯೋನ್ಯವಾಗಿದ್ದೆವು. ನಾದಿನಿ ಮದುವೆ ಬೇಡವೆಂದಳು. ನಮ್ಮ ಮಹಡಿಯ ಕೋಣೆಯಲ್ಲೇ ಉಳಿದಳು.

ಐದು ವರ್ಷದ ಹಿಂದೆ ಅವಳ ಲ್ಯಾಬಿಗೆ ಒಂದು ಯಂತ್ರ ಬಂತು. ನಾಲ್ಕು ಪುಟ್ಟ ಬಾಗಿಲು, ಒಂದು ಪರದೆ. ಬಾಗಿಲಿಗೊಂದರಂತೆ ನಾಲ್ಕು ಜನರ ಕಫ ಹಾಕಿ ಮುಚ್ಚಿದರೆ ಎರಡು ಗಂಟೆಯಲ್ಲಿ ಉತ್ತರ. ಅದು ಕ್ರಿಮಿಯ ರೂಪ ನೋಡುವುದಿಲ್ಲ. ಕ್ರಿಮಿಯನ್ನು ಒಡೆದು ಒಳಗಿನ ಡಿಎನ್‌ಎ ತೆಗೆದು, ಇದು ಕ್ಷಯದ ಮನೆತನದ್ದೇ ಹೌದೋ ಅಲ್ಲವೋ ಎಂದು ಕುಲಗೋತ್ರ ವಿಚಾರಿಸುತ್ತದೆ. ಹೌದಾದರೆ ‘ಇದೆ’, ಅಲ್ಲವಾದರೆ ‘ಇಲ್ಲ’. ಅಷ್ಟೇ ಅದರ ಮಾತು.

ನಾದಿನಿ ಅದಕ್ಕೆ ಹೊಸ ಸೊಸೆ ಅಂತ ಹೆಸರಿಟ್ಟಳು.

“ಏನಮ್ಮಾ, ಹೇಗಿದಾಳೆ ನಿನ್ನ ಸೊಸೆ?” ಅಂತ ನಾನು ಕೇಳುವುದು, “ಬರೋದೇ ತಡ, ಅಡುಗೆಮನೆ ಬೀಗದಕೈ ಕೇಳ್ತಿದಾಳೆ ಭಾವ. ಕರೆಂಟು ಹೋದ್ರೆ ಮಾತಾಡಲ್ಲ, ಸೆಕೆ ಆದ್ರೆ ಮುನಿಸು” ಅಂತ ಅವಳು.

ಸುಮ್ಮನೆ ಆಡಿಕೊಂಡದ್ದಲ್ಲ. ಮೊದಲ ವರ್ಷ ಸೊಸೆ ಎಡವಿದ್ದೂ ನಿಜ. ಒಬ್ಬಳು ಮುದುಕಿಯ ಸ್ಲೈಡಿನಲ್ಲಿ ಇವಳು ಮೂರೇ ಮೂರು ಕೆಂಪು ಕಡ್ಡಿ ಕಂಡಿದ್ದಳು. ಯಂತ್ರ ‘ಇಲ್ಲ’ ಅಂದಿತ್ತು. ಕೊನೆಗೆ ಆ ಕಫವನ್ನು ಆರು ವಾರ ಬೆಳೆಸಿ ನೋಡಿದಾಗ ಕ್ಷಯವೇ ಬಂತು. ಅತ್ತೆ ಗೆದ್ದಳು. ಆ ದಿನ ಅವಳು ಮನೆಗೆ ಬಂದ ನಡಿಗೆ ನೋಡಬೇಕಿತ್ತು. ನೆಲ ಅವಳ ಕಾಲಿಗೆ ಸಿಗುತ್ತಿರಲಿಲ್ಲ.

ಯಂತ್ರದ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿತ್ತು. ಅಂಟಿಸಿದವಳು ಇವಳೇ. ಸ್ಲೈಡು ‘ಇದೆ’ ಅಂದು ಯಂತ್ರ ‘ಇಲ್ಲ’ ಅಂದರೆ ಹೊಸ ಕಫ ತೆಗೆದು ಇನ್ನೊಮ್ಮೆ ಹಾಕು; ಆಗಲೂ ಹಾಗೆಯೇ ಬಂದರೆ ದೊಡ್ಡ ಲ್ಯಾಬಿಗೆ ಕಳಿಸು. ಇದನ್ನು ಅವಳು ನೂರಾರು ಜನರ ವಿಷಯದಲ್ಲಿ ಚಾಚೂ ತಪ್ಪದೆ ಪಾಲಿಸಿದ್ದಳು.

ಹೀಗಿರುವಾಗ ನನ್ನಾಕೆಗೆ ಕೆಮ್ಮು ಹತ್ತಿತು.

ಬಟ್ಟೆಯ ದೂಳು ಅಂದುಕೊಂಡೆವು. ದೂಳಾದರೆ ರಜೆಯಲ್ಲಿ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ತನ್ನ ಬಟ್ಟೆಗೆ ತಾನೇ ಮೂರು ಸಲ ಹೊಲಿಗೆ ಬಿಗಿ ಹಾಕಿಕೊಂಡಳು. ನಾಲ್ಕನೇ ಸಲ ಸೂಜಿ ಪೋಣಿಸುವಾಗ ತಂಗಿ ಕೈ ಹಿಡಿದು, ಮುಚ್ಚಳದ ಡಬ್ಬಿ ಕೊಟ್ಟಳು.

“ಎದೆಯಿಂದ ಬರಲಿ ಅಕ್ಕ.”

“ಗೊತ್ತು ಕಣೇ. ಮೂವತ್ತು ವರ್ಷದಿಂದ ಊಟದ ಹೊತ್ತಿಗೆ ಇದನ್ನೇ ಕೇಳ್ತಿದೀನಿ.”

ಅವತ್ತು ನಾದಿನಿ ಮಧ್ಯಾಹ್ನವೇ ಮನೆಗೆ ಬಂದಳು. ಬಾಗಿಲಲ್ಲೇ ನಿಂತು, “ಎರಡು ಪ್ಲಸ್, ಭಾವ” ಅಂದಳು. ನಾನು ಬಾಯಿಗೆ ಬಂದದ್ದು ಆಡುವವನು: “ನಿಮ್ಮಕ್ಕನಿಗೆ ಶಾಲೆಯಲ್ಲಿ ಅಷ್ಟು ಬಂದಿದ್ರೆ ಓದು ಬಿಡ್ತಿರಲಿಲ್ಲ.” ಅವಳು ನಗಲಿಲ್ಲ. ಸ್ಲೈಡಿನ ಆ ಕೆಂಪು ಕಡ್ಡಿಗಳನ್ನು ಅವಳು ಅವತ್ತು ಮೂರು ಸಲ ಎಣಿಸಿದ್ದಳಂತೆ, ಪ್ರತಿ ಸಲವೂ ಕಡಿಮೆ ಬರಲಿ ಅಂತ.

ಅವತ್ತು ನಡೆದ ಇನ್ನೊಂದು ಸಂಗತಿ ನನಗೆ ಗೊತ್ತಾದದ್ದು ಒಂಬತ್ತು ತಿಂಗಳ ಮೇಲೆ. ಆದರೂ ಇಲ್ಲೇ ಹೇಳಿಬಿಡುತ್ತೇನೆ, ಇಟ್ಟುಕೊಂಡು ನನಗೇನೂ ಆಗಬೇಕಾದ್ದಿಲ್ಲ. ಅಕ್ಕನ ಕಫವನ್ನು ಅವಳು ಯಂತ್ರಕ್ಕೂ ಹಾಕಿದ್ದಳು. ಯಂತ್ರ ‘ಇಲ್ಲ’ ಅಂತು. ಹೊಸ ಕಫ ತೆಗೆದು ಮರುದಿನ ಮತ್ತೆ ಹಾಕಿದಳು. ಮತ್ತೆ ‘ಇಲ್ಲ’. ಗೋಡೆಯ ಹಾಳೆ ಕಣ್ಣೆದುರಿಗೇ ಇತ್ತು. ಆದರೆ ಕಫದಲ್ಲಿ ರಕ್ತದ ಎಳೆ ಇತ್ತು, ರಕ್ತ ಇದ್ದರೆ ಯಂತ್ರ ಕೆಲವು ಸಲ ಕೈಕೊಡುತ್ತದೆ. ದೊಡ್ಡ ಲ್ಯಾಬಿಗೆ ಕಳಿಸಿದರೆ ಉತ್ತರಕ್ಕೆ ತಿಂಗಳು. ಅಲ್ಲಿಯವರೆಗೆ ಅಕ್ಕ ಔಷಧಿಯಿಲ್ಲದೆ ಕೆಮ್ಮುತ್ತಾ ಕೂರಬೇಕು. ಕಂಡವರ ಅಕ್ಕ ಆಗಿದ್ದರೆ ಕಳಿಸುತ್ತಿದ್ದಳು. ತನ್ನ ಅಕ್ಕ, ಅದಕ್ಕೇ ಯಂತ್ರದ ಎರಡು ಚೀಟಿಯನ್ನೂ ಮೇಜಿನ ಖಾನೆಗೆ ತಳ್ಳಿ, ಸ್ಲೈಡಿನ ಎರಡು ಪ್ಲಸ್ ಮಾತ್ರ ಬರೆದು ಸಹಿ ಹಾಕಿದಳು.

ಡಾಕ್ಟರು ಬೋಳುತಲೆಯ ಒಳ್ಳೆಯ ಮನುಷ್ಯ. ಹದ್ದಮ್ಮನ ಸಹಿ ಕಂಡರೆ ಚೀಟಿಯ ಮೇಲ್ಭಾಗ ಓದುವ ಅಭ್ಯಾಸ ಅವರಿಗಿರಲಿಲ್ಲ. ಮಾತ್ರೆ ಬರೆದರು, ಆರು ತಿಂಗಳು.

ಆರು ತಿಂಗಳು ನನ್ನಾಕೆ ನುಂಗಿದ ಮಾತ್ರೆಗಳನ್ನು ಸಾಲಾಗಿ ಇಟ್ಟರೆ ನನ್ನ ಬಸ್ಸಿನ ಪೂರ್ತಿ ಮಾರ್ಗ ಮುಚ್ಚಿ ಡಿಪೋದವರೆಗೂ ಹೋಗುತ್ತಿತ್ತು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು. ಹೊಟ್ಟೆ ಸುಟ್ಟಿತು. ಕೆಮ್ಮು ಮಾತ್ರ ಅಲ್ಲಾಡಲಿಲ್ಲ. ತಿಂಗಳು ತಿಂಗಳೂ ಸ್ಲೈಡು; ತಿಂಗಳು ತಿಂಗಳೂ ಅದೇ ಕೆಂಪು ಕಡ್ಡಿ.

ಔಷಧಿಗೆ ಕ್ಷಯ ಬಗ್ಗದಿದ್ದರೆ ಆಸ್ಪತ್ರೆಯವರ ಮೊದಲ ಅನುಮಾನ ಔಷಧಿಯ ಮೇಲಲ್ಲ, ರೋಗಿಯ ಮೇಲೆ. ಮಾತ್ರೆ ಬಿಸಾಡುತ್ತಿದ್ದಾಳೆ ಅಂತ. ನಮ್ಮ ಮನೆಯಲ್ಲಂತೂ ಅನುಮಾನ ಪಡಲು ಆಸ್ಪತ್ರೆಯೇ ಮಹಡಿಯ ಮೇಲೆ ವಾಸವಾಗಿತ್ತು. ನಾದಿನಿ ದಿನಾ ಬೆಳಿಗ್ಗೆ ಕೆಳಗೆ ಬಂದು ಅಕ್ಕನ ಎದುರು ಕೂರುತ್ತಿದ್ದಳು.

“ನುಂಗು. ಬಾಯಿ ತೆಗಿ. ನಾಲಿಗೆ ಎತ್ತು.”

ನನ್ನಾಕೆ ಬಾಯಿ ತೆಗೆದು ನಾಲಿಗೆ ಎತ್ತಿ ತೋರಿಸುತ್ತಿದ್ದಳು. ಎಂಟು ವರ್ಷದ ತಂಗಿಗೆ ಗುಳಿಗೆ ನುಂಗಿಸಿ ಹೀಗೆಯೇ ಬಾಯಿ ತೆಗೆಸಿ ನೋಡುತ್ತಿದ್ದವಳು ಅವಳು.

“ಅಕ್ಕ, ನಿಜ ಹೇಳು. ನಾನಿಲ್ಲದಾಗ ಕಕ್ಕಿಬಿಡ್ತೀಯಾ?”

“ನೀನಿಲ್ಲದಾಗ ನಾನು ಕೆಮ್ಮೋದೊಂದೇ ಕಣೇ ಮಾಡೋದು.”

“ಮತ್ಯಾಕೆ ಇಳೀತಿಲ್ಲ?”

“ನನ್ನ ಕೇಳ್ತೀಯಲ್ಲ. ಕಡ್ಡಿ ಎಣಿಸೋಳು ನೀನು.”

ಏಳನೇ ತಿಂಗಳು ಡಾಕ್ಟರು ಕೇಳಿದರು: “ಹದ್ದಮ್ಮ, ಯಂತ್ರ ಏನನ್ನುತ್ತೆ?” ಇವಳು, “ಇಂಥ ಕಫಕ್ಕೆ ಅದು ಸರಿಯಾಗಿ ಮಾತಾಡಲ್ಲ ಡಾಕ್ಟ್ರೇ” ಅಂದಳು. ಹಾಗಾದರೆ ಮಾತ್ರೆಗೆ ಜಗ್ಗದ ಜಾತಿಯ ಕ್ಷಯವೇ ಇರಬೇಕು ಎಂದು ಡಾಕ್ಟರು ಚುಚ್ಚುಮದ್ದು ಶುರು ಮಾಡಿದರು. ದಿನಕ್ಕೊಂದು. ಆ ಮದ್ದು ಕೆಲವರ ಕಿವಿ ತಿನ್ನುತ್ತದೆ. ಅದಕ್ಕೆ ವಾರಕ್ಕೊಮ್ಮೆ ನರ್ಸಮ್ಮ ಕೇಳಬೇಕು.

“ಕಿವಿಯಲ್ಲಿ ಗುಂಯ್ ಅಂತ ಸದ್ದೇನಾದ್ರೂ ಬರ್ತಿದೆಯಾ?”

“ಮೂವತ್ತೊಂಬತ್ತು ವರ್ಷದಿಂದ ಬರ್ತಿದೆ” ಅಂದಳು ನನ್ನಾಕೆ. ಮಿಶನ್ನಿನ ಕಥೆ ನರ್ಸಮ್ಮನಿಗೂ ಗೊತ್ತು. ಇಬ್ಬರೂ ನಕ್ಕರು. ಪಕ್ಕದಲ್ಲಿ ನಿಂತಿದ್ದ ನಾನು ಇಬ್ಬರಿಗಿಂತ ಜೋರಾಗಿ ನಕ್ಕೆ. ನರ್ಸಮ್ಮ ‘ತೊಂದರೆ ಇಲ್ಲ’ ಎಂದು ಬರೆದುಕೊಂಡಳು. ಅದರ ಮುಂದಿನ ವಾರವೂ ಅದೇ ಪ್ರಶ್ನೆ, ಅದೇ ಉತ್ತರ, ಅದೇ ನಗು.

ಎರಡು ತಿಂಗಳು ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ ಅವಳು ಮಿಶನ್ನಿನ ಮುಂದೆ ಕೂತು ತುಳಿಯುತ್ತಿದ್ದಳು. ನಾನು ಪಕ್ಕದ ಕೋಣೆಯಲ್ಲಿ ಗಡ್ಡ ಹೆರೆಯುತ್ತಿದ್ದೆ. ಮಿಶನ್ನು ಎಂದಿನಂತೆ ಗೋಡೆ ಅದುರಿಸುತ್ತಿತ್ತು. ತುಳಿಯುವುದು ನಿಲ್ಲಿಸಿ ಅವಳು ಕೂಗಿದಳು:

“ರೀ, ಮಿಶನ್ನಿಗೆ ಎಣ್ಣೆ ಬಿಟ್ರಾ? ಸದ್ದೇ ಇಲ್ಲ ನೋಡಿ. ಹೂವಿನ ಹಾಗೆ ಓಡ್ತಿದೆ.”

ನಾನು ಎಣ್ಣೆ ಬಿಟ್ಟಿರಲಿಲ್ಲ.

ಅರ್ಧ ಗಡ್ಡದಲ್ಲೇ ಹೋಗಿ ಅವಳ ಬೆನ್ನ ಹಿಂದೆ ನಿಂತೆ. ನನ್ನ ಹಳೆಯ ಕಂಡಕ್ಟರ್ ಸೀಟಿ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ತೆಗೆದು ಊದಿದೆ. ಆ ಸೀಟಿಗೆ ಹಿಂದೆ ಊರಾಚೆಯ ಎತ್ತುಗಳೂ ನಿಲ್ಲುತ್ತಿದ್ದವು. ಮಹಡಿಯಿಂದ ನಾದಿನಿ ದಡದಡ ಇಳಿದು ಬಂದಳು. ನನ್ನಾಕೆ ಮಾತ್ರ ಬಟ್ಟೆಯ ಅಂಚು ಮಡಿಸುತ್ತಾ, “ಇಷ್ಟು ವರ್ಷಕ್ಕೆ ಒಂದು ಒಳ್ಳೆ ಕೆಲಸ ಮಾಡಿದ್ರಿ” ಅಂತ ಹೇಳುತ್ತಲೇ ಇದ್ದಳು.

ನಾದಿನಿ ಅಕ್ಕನ ಬೆನ್ನು ನೋಡಿದಳು, ನನ್ನ ಕೈಯ ಸೀಟಿ ನೋಡಿದಳು. ಚಪ್ಪಲಿ ಮೆಟ್ಟಿ ಆಸ್ಪತ್ರೆಗೆ ನಡೆದಳು.

ಚುಚ್ಚುಮದ್ದು ಅವತ್ತೇ ನಿಂತಿತು. ಹೋದ ಕಿವಿ ಬರುವುದಿಲ್ಲ ಅಂತ ಡಾಕ್ಟರು ಹೇಳಿದರು.

ಮರುದಿನ ನಾದಿನಿ ಸೊಸೆಯ ನಾಲ್ಕು ಬಾಗಿಲಿಗೂ ಕಫ ಹಾಕಿದಳು. ಮೂರು, ಕ್ಷಯ ಖಚಿತವಾಗಿದ್ದ ಬೇರೆ ರೋಗಿಗಳದ್ದು. ನಾಲ್ಕನೆಯದು ಅಕ್ಕನದ್ದು. ಎರಡು ಗಂಟೆ ಎದುರಿಗೇ ಕೂತಳು. ಇದೆ, ಇದೆ, ಇದೆ, ಇಲ್ಲ. ಯಂತ್ರದ ಆರೋಗ್ಯ ನೆಟ್ಟಗಿತ್ತು.

ಆಮೇಲೆ ಕಫದ ಡಬ್ಬಿಯನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟುಕೊಂಡು ದೊಡ್ಡ ಲ್ಯಾಬಿಗೆ ತಾನೇ ಹೊರಟಳು. ನಾಲ್ಕು ಗಂಟೆಯ ಬಸ್ ಪ್ರಯಾಣ. ಜೊತೆಗೆ ನಾನು. ಪೆಟ್ಟಿಗೆ ಅವಳ ತೊಡೆಯ ಮೇಲೆ. ಕಂಡಕ್ಟರ್ ಬಂದಾಗ ನಾನು, “ಪೆಟ್ಟಿಗೆಗೆ ಬೇರೆ ಟಿಕೆಟ್ ಕೊಡಯ್ಯ, ಒಳಗೆ ಲಕ್ಷಾಂತರ ಜನ ಇದಾರೆ” ಅಂದೆ. ಅವನು ನಕ್ಕು ಮುಂದೆ ಹೋದ.

“ಭಾವ” ಅಂದಳು ನಾದಿನಿ. “ಯಂತ್ರ ಇಲ್ಲ ಅಂದಿತ್ತು.”

“ನಿನ್ನೆ ತಾನೇ. ಹೇಳಿದ್ಯಲ್ಲ.”

“ನಿನ್ನೆಯಲ್ಲ. ಶುರುವಲ್ಲೇ. ಎರಡು ಸಲ. ಚೀಟಿ ಖಾನೆಯಲ್ಲಿದೆ.”

ಜೀವನದಲ್ಲಿ ಎಲ್ಲದಕ್ಕೂ ಒಂದು ಮಾತು ಜೇಬಿನಲ್ಲಿ ಇಟ್ಟುಕೊಂಡೇ ತಿರುಗಿದವನು ನಾನು. ಅವತ್ತು ಜೇಬು ತಡಕಿದೆ. ಏನೂ ಸಿಗಲಿಲ್ಲ. ಪೆಟ್ಟಿಗೆಯ ಮಂಜು ಕರಗಿ ಅವಳ ಬಟ್ಟೆ ಒದ್ದೆಯಾಗುತ್ತಿತ್ತು, ಒರೆಸಿಕೊಳ್ಳಲಿಲ್ಲ.

ದೊಡ್ಡ ಲ್ಯಾಬಿನವರು ಕಫದಲ್ಲಿದ್ದ ಕ್ರಿಮಿಯನ್ನು ಮೂರು ವಾರ ಬೆಳೆಸಿದರು. ಆಮೇಲೆ ಅದರ ಡಿಎನ್‌ಎ ತೆಗೆದು ಒಂದು ಬಿಳಿ ಪಟ್ಟಿಯ ಮೇಲೆ ಹಾಯಿಸಿದರು. ಬೆರಳಿನಷ್ಟು ಉದ್ದ, ಬೆಂಕಿಕಡ್ಡಿಯಷ್ಟು ಅಗಲ. ಯಾವ ಕ್ರಿಮಿಯ ಡಿಎನ್‌ಎಯೋ ಅದಕ್ಕೆ ತಕ್ಕ ಜಾಗದಲ್ಲಿ ಕಪ್ಪು ಗೆರೆ ಏಳುತ್ತದೆ. ಉತ್ತರ ತರಲು ಮತ್ತೆ ನಾವಿಬ್ಬರೂ ಹೋದೆವು. ನೀಲಿ ಕೈಗವಸಿನ ಹೆಂಗಸೊಬ್ಬಳು ಪಟ್ಟಿಯನ್ನು ಅಳತೆಯ ಹಾಳೆಯ ಪಕ್ಕ ಇಟ್ಟು ತೋರಿಸಿದಳು. ನಾನು ಬಗ್ಗಿ ನೋಡಿದೆ. ನನ್ನ ಕಾಲದಲ್ಲಿ ಟಿಕೆಟ್ಟಿನ ಮೇಲೆ ಯಾವ ಸ್ಟಾಪಿಗೆ ತೂತು ಬಿದ್ದಿದೆಯೋ ಅದನ್ನು ನೋಡಿ ಎಲ್ಲಿಯ ಪ್ರಯಾಣಿಕ ಅಂತ ಹೇಳುತ್ತಿದ್ದೆವು, ಹಾಗಿತ್ತು.

“ಕ್ಷಯ ಆಗಿದ್ರೆ ಇಲ್ಲಿ ಗೆರೆ ಬರಬೇಕಿತ್ತು” ಅಂದಳು ಅವಳು. “ಖಾಲಿ ಇದೆ ನೋಡಿ. ಬಂದಿರೋದು ಇಲ್ಲಿ, ಇಲ್ಲಿ. ಇದು ಕ್ಷಯ ಅಲ್ಲಮ್ಮ. ಅದರ ದಾಯಾದಿ. ನೀರಲ್ಲಿ, ಮಣ್ಣಲ್ಲಿ ಇರುತ್ತೆ. ಎಲ್ಲರ ಮನೆ ನಲ್ಲಿಯಲ್ಲೂ ಇರಬಹುದು. ಒಬ್ಬರಿಂದ ಒಬ್ಬರಿಗೆ ಹೀಗೆ ಅಂಟಲ್ಲ, ಆದರೆ ಹಿಡಿದವರನ್ನ ಸುಲಭಕ್ಕೆ ಬಿಡಲ್ಲ. ಕ್ಷಯದ ಮಾತ್ರೆ ಇದಕ್ಕೆ ಹೆಚ್ಚೇನೂ ಮಾಡಲ್ಲ.”

ನಾದಿನಿ ಸ್ಲೈಡು ನೋಡಬೇಕು ಅಂದಳು. ಅವರ ಸೂಕ್ಷ್ಮದರ್ಶಕದ ಮುಂದೆ ಕೂತಳು, ಒಂದು ಕಡೆ ಕ್ಷಯದ ಸ್ಲೈಡು, ಇನ್ನೊಂದು ಕಡೆ ಅಕ್ಕನದ್ದು. ತಿರುಗಿಸಿ ತಿರುಗಿಸಿ ನೋಡಿದಳು. ನಾನು ಹೊರಗೆ ಹೋಗಿ ಚಹಾ ಕುಡಿದು ಬಂದೆ, ಇನ್ನೂ ನೋಡುತ್ತಿದ್ದಳು. ಇನ್ನೊಂದು ಚಹಾ ಕುಡಿದು ಬಂದೆ.

“ಏನೂ ವ್ಯತ್ಯಾಸ ಇಲ್ಲ” ಅಂದಳು ಕೊನೆಗೆ.

“ಕಣ್ಣಿಗೆ ಕಾಣೋ ವ್ಯತ್ಯಾಸ ಇಲ್ಲಮ್ಮ” ಅಂದಳು ನೀಲಿ ಕೈಗವಸಿನವಳು. “ಅದೂ ಕೆಂಪು ಬಿಡಲ್ಲ, ಇದೂ ಬಿಡಲ್ಲ. ಯಾರಿಗೂ ಕಾಣಲ್ಲ. ಅದಕ್ಕೇ ಈ ಪಟ್ಟಿ.”

ಊರಿಗೆ ಬಂದು ನಾದಿನಿ ನೆಟ್ಟಗೆ ಡಾಕ್ಟರ ಕೋಣೆಗೆ ಹೋದಳು. ಖಾನೆಯ ಎರಡು ಚೀಟಿಯನ್ನೂ, ದೊಡ್ಡ ಲ್ಯಾಬಿನ ಕಾಗದವನ್ನೂ ಮೇಜಿನ ಮೇಲೆ ಇಟ್ಟಳು. ಬೈಸಿಕೊಳ್ಳಲು ತಯಾರಾಗಿ ಹೋಗಿದ್ದಳು. ಡಾಕ್ಟರು ಬೈಯಲಿಲ್ಲ. ಬೋಳುತಲೆ ಒರೆಸಿಕೊಳ್ಳುತ್ತಾ ಬಹಳ ಹೊತ್ತು ಕಾಗದ ನೋಡಿದರು.

“ಸ್ಲೈಡಲ್ಲೂ ಇಲ್ಲ, ಯಂತ್ರದಲ್ಲೂ ಇಲ್ಲ ಅಂತ ಬಂದಿದ್ರೆ ನಾನು ಮೊದಲನೇ ವಾರವೇ ಇದು ಬೇರೇನೋ ಅಂತ ಹುಡುಕ್ತಿದ್ದೆ. ಎರಡು ಪ್ಲಸ್ ಅಂತ ನಿಮ್ಮ ಸಹಿ ಇತ್ತು. ಆಮೇಲೆ ನಾನು ಏನನ್ನೂ ಕೇಳಲಿಲ್ಲ” ಅಂದರು. ಕಾಗದ ಮಡಿಸಿಟ್ಟು, “ನಂದೂ ತಪ್ಪಿದೆ ಹದ್ದಮ್ಮ” ಅಂದರು. ಅದು ಅವಳಿಗೆ ಬೈಗುಳಕ್ಕಿಂತ ಭಾರವಾಯಿತು.

ಮೇಲಿನವರಿಗೆ ತಿಳಿಸಿ ಅಂತ ಅವಳೇ ಹಟ ಹಿಡಿದಳು. ವಿಚಾರಣೆಯಾಯಿತು, ಒಂದು ಎಚ್ಚರಿಕೆಯ ಪತ್ರ ಬಂತು. ಅದನ್ನು ಗೋಡೆಯ ಆ ಹಾಳೆಯ ಪಕ್ಕದಲ್ಲೇ ಅಂಟಿಸಿಕೊಂಡಳು.

ಕಷ್ಟದ ಕೆಲಸ ಇನ್ನೂ ಉಳಿದಿತ್ತು. ಅಕ್ಕನಿಗೆ ಹೇಳಬೇಕು. ಕಿವುಡಿಗೆ ಹೇಳುವುದಾದರೆ ಬರೆದೇ ಹೇಳಬೇಕು; ಮೂವತ್ತು ವರ್ಷದಿಂದ ಪ್ಲಸ್ ಗುರುತು ಬಿಟ್ಟು ಬೇರೇನೂ ಬರೆಯದವಳು ಅವಳು. ಬಟ್ಟೆ ಕತ್ತರಿಸಲು ಅಳತೆ ಹಾಕುವ ಕಂದು ಕಾಗದವನ್ನು ನೆಲದ ಮೇಲೆ ಹರಡಿಕೊಂಡು ಪೆನ್ಸಿಲಿನಲ್ಲಿ ಒಂದು ಮಧ್ಯಾಹ್ನ ಪೂರ್ತಿ ಬರೆದಳು. ನನ್ನಾಕೆ ಕನ್ನಡಕ ಹಾಕಿ, ಕಾಗದ ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. ಈಗೀಗ ಅವಳ ಮಾತು ಬಲು ಜೋರು, ತನ್ನ ದನಿ ತನಗೇ ಕೇಳಿಸದ್ದರಿಂದ.

“ಇಷ್ಟು ಸಣ್ಣಕ್ಕೆ ಬರೆದ್ರೆ ಹೇಗೆ ಓದೋದು ಪುಟ್ಟಿ? ನಿನ್ನ ಕಣ್ಣಲ್ಲ ನಂದು.”

ನಾದಿನಿ ಕಾಗದ ಇಸಿದುಕೊಂಡು, ಹಿಂದಿನ ಬದಿಗೆ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ, ದೊಡ್ಡ ಅಕ್ಷರದಲ್ಲಿ ಮತ್ತೆ ಬರೆಯಬೇಕಾಯಿತು. ದೊಡ್ಡದಾಗಿ ಬರೆದಾಗ ಜಾಗ ಸಾಲಲಿಲ್ಲ. ನೆಪಗಳೆಲ್ಲ ಬಿಟ್ಟುಹೋದವು. ಉಳಿದದ್ದು ಇಷ್ಟು: ‘ಯಂತ್ರ ಇಲ್ಲ ಅಂದಿತ್ತು. ನಾನು ಮುಚ್ಚಿಟ್ಟೆ.’

ನನ್ನಾಕೆ ಓದಿದಳು. ಕಾಗದವನ್ನು ನಾಲ್ಕು ಮಡಿಕೆ ಮಡಿಸಿ ಮಿಶನ್ನಿನ ಖಾನೆಗೆ ಹಾಕಿದಳು. ಎರಡು ದಿನ ಇಬ್ಬರೊಡನೆಯೂ ಮಾತಾಡಲಿಲ್ಲ. ಮಿಶನ್ನನ್ನೂ ಮುಟ್ಟಲಿಲ್ಲ. ಮನೆಯಲ್ಲಿ ಅಂಥ ನಿಶ್ಶಬ್ದವನ್ನು ನಾನು ಮದುವೆಗೆ ಮುಂಚೆಯೂ ಕಂಡವನಲ್ಲ. ಪಾರಿವಾಳಗಳು ಅನುಮಾನದಿಂದ ಬಂದು ಕಿಟಕಿಯಲ್ಲಿ ಇಣುಕಿದವು. ಮೂರನೇ ದಿನ ಬೆಳಿಗ್ಗೆ ಮಹಡಿಯ ಮೆಟ್ಟಿಲ ಬುಡದಲ್ಲಿ ನಿಂತು, ಬೀದಿಗೆಲ್ಲ ಕೇಳುವಂತೆ ಕೂಗಿದಳು:

“ಹೊಸ ಮಾತ್ರೆ ಶುರು ಮಾಡೋದಿದ್ರೆ ಮಾಡು ಬಾರೇ. ಬಾಯಿ ತೆಗೆದು ನಿಂತಿದೀನಿ.”

ಕ್ಷಮಿ‌ಸಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳೋಣವೆಂದರೆ ಬರೆದು ಕೇಳಬೇಕು. ಅದನ್ನು ಬರೆಯುವ ಕೈ ನನ್ನದಲ್ಲ.

ಹೊಸ ಮಾತ್ರೆಗಳು ಕನಿಷ್ಠ ಒಂದೂವರೆ ವರ್ಷ. ಬಾಯೆಲ್ಲ ಕಹಿ, ಊಟ ಸೇರದು. ಬಲಗಡೆಯ ಶ್ವಾಸಕೋಶದ ಮೇಲ್ಭಾಗ ಆಗಲೇ ಹರಿದ ಜೇಬಿನಂತಾಗಿತ್ತು, ಅದು ಇನ್ನು ಹೊಲಿಗೆಗೆ ಸಿಗುವುದಿಲ್ಲ. ಕೆಮ್ಮು ಕಡಿಮೆಯಾಗಿದೆ, ಹೋಗಿಲ್ಲ. ಡಾಕ್ಟರನ್ನು ಕೇಳಿದರೆ ನೋಡೋಣ ಅನ್ನುತ್ತಾರೆ. ನನ್ನಾಕೆ ಮೆಟ್ಟಿಲು ಹತ್ತುವುದಿಲ್ಲ. ಆದರೂ ಮಿಶನ್ನಿನ ಮುಂದೆ ದಿನಕ್ಕೊಂದು ಗಂಟೆ ಕೂರುತ್ತಾಳೆ. ಅಂಗೈ ಒತ್ತಿಟ್ಟು, ಅದುರುವುದನ್ನು ಮುಟ್ಟಿ ನೋಡುತ್ತಾ ಹೊಲಿಯುತ್ತಾಳೆ.

ಕಳೆದ ತಿಂಗಳು ನಾದಿನಿ ಅವಧಿಗೆ ಮುಂಚೆಯೇ ತಾನಾಗಿ ನಿವೃತ್ತಿ ತೆಗೆದುಕೊಂಡಳು. ಕೊನೆಯ ದಿನದವರೆಗೂ ಕೆಲಸ ಮಾಡಿದಳು. ಸ್ಲೈಡೂ ಯಂತ್ರವೂ ಒಂದೇ ಮಾತು ಹೇಳದ ಕಫ ಯಾವುದಿದ್ದರೂ ಅದೇ ದಿನ ದೊಡ್ಡ ಲ್ಯಾಬಿಗೆ. ಅಕ್ಕನ ಪ್ರಕರಣದ ಮೇಲಿನ ಒಂದು ವರ್ಷದಲ್ಲಿ ಹೀಗೆ ಏಳು ಜನರ ದಾಯಾದಿ ಕ್ರಿಮಿ ಸಿಕ್ಕಿತು. ಏಳು ಜನರ ಕಿವಿಯೂ ನೆಟ್ಟಗಿದೆ.

ಲ್ಯಾಬಿನಲ್ಲೇ ಚಿಕ್ಕದೊಂದು ಬೀಳ್ಕೊಡುಗೆ ಇಟ್ಟುಕೊಂಡರು. ಬೋಳುತಲೆ ಡಾಕ್ಟರು, ನರ್ಸಮ್ಮ, ಬಟ್ಟೆ ಒಗೆಯುವವರು, ಹೆಣದ ಕೋಣೆಯ ಕಾವಲುಗಾರ, ಎಲ್ಲರೂ ಸೇರಿದರು. ನನ್ನಾಕೆಯನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಅವಳು ಮಾತಾಡುವವರ ಬಾಯನ್ನೇ ನೋಡುತ್ತಾ, ನಗಬೇಕಾದಲ್ಲಿ ಒಂದು ಗಳಿಗೆ ತಡವಾಗಿ ನಗುತ್ತಿದ್ದಳು. ಡಾಕ್ಟರು, “ನಮ್ಮ ಕಂಡಕ್ಟರ್ ಸಾಹೇಬರು ನಾಲ್ಕು ಮಾತಾಡಲಿ” ಅಂದರು.

ಎದ್ದು ನಿಂತೆ. ನಾದಿನಿ ಮೂಲೆಯಲ್ಲಿ ಕೆಂಪು ಬೆರಳುಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದಳು. ಅವಳ ತಲೆ ಎತ್ತಿಸಬೇಕು ಅನ್ನಿಸಿತು. ನನಗೆ ಗೊತ್ತಿದ್ದದ್ದು ಒಂದೇ ದಾರಿ, ಬಸ್ಸಿನಲ್ಲಿ ಮೂವತ್ತು ವರ್ಷ ಉಪಯೋಗಿಸಿದ ದಾರಿ.

“ನನ್ನ ನಾದಿನಿಯ ಕಣ್ಣು” ಅಂದೆ, “ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಸಲವೂ ತಪ್ಪಿಲ್ಲ. ಯಾರ ಮುಂದೆ ಬೇಕಾದರೂ ನಿಂತು ಹೇಳ್ತೀನಿ. ಆ ಸ್ಲೈಡಿನಲ್ಲೂ ಅವಳು ಕಂಡದ್ದು ಇದ್ದದ್ದೇ.”

ಆಮೇಲೆ ಡಾಕ್ಟರು ಮೆಲ್ಲಗೆ ಚಪ್ಪಾಳೆ ಶುರು ಮಾಡಿದರು, ಉಳಿದವರೂ ತಟ್ಟಿದರು. ಚಪ್ಪಾಳೆ ನಿಂತಿತು. ನನ್ನಾಕೆ ಸುತ್ತ ನೋಡಿ, ಎಲ್ಲರ ಕೈ ಕಂಡು, ಆಗ ತಟ್ಟಲು ಶುರು ಮಾಡಿದಳು. ಒಬ್ಬಳೇ. ಬಹಳ ಹೊತ್ತು. ಯಾರಿಗೂ ಅವಳನ್ನು ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ.

ನಾದಿನಿ ಎದ್ದು ಬಂದು ಅಕ್ಕನ ಎರಡೂ ಕೈ ಹಿಡಿದುಕೊಂಡಳು. ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

“ಅದೊಂದು ಸಲ ನನ್ನ ಕಣ್ಣು ತಪ್ಪಿದ್ದಿದ್ರೆ ಭಾವ, ಅಕ್ಕ ಎಲ್ಲರ ಜೊತೆಗೇ ತಟ್ಟಿರ್ತಿದ್ಳು.”